ಗಂಟೆ ಹೊಡೆದ ಮೇಲಿನ ನಲವತ್ತು ನಿಮಿಷ

ತಾರೆನ್ ದೇಶದವರು ಕಾಗದಪತ್ರ ನೋಡಿ ಕೆಲಸಗಾರರನ್ನು ಕರೆಸಿಕೊಳ್ಳುವುದನ್ನು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಈಗ ಅವರು ಕೈ ನೋಡುತ್ತಿದ್ದರು.

ಮುಧೋಳದ ಮಹಾನಂದಾ ಇದನ್ನು ಮೊದಲ ಸಲ ಕೇಳಿದಾಗ ನಕ್ಕುಬಿಟ್ಟಳು. ಕೈ ನೋಡುವವರು ನಮ್ಮ ಬಸ್‌ಸ್ಟ್ಯಾಂಡಿನಲ್ಲೇ ಗಿಳಿ ಇಟ್ಟುಕೊಂಡು ಕೂತಿರುತ್ತಾರೆ, ಅದಕ್ಕೆ ಸಮುದ್ರ ದಾಟಬೇಕೇನು ಅಂತ. ಆದರೆ ಅವಳ ಗಂಡ ಪ್ರಭು ದರ್ಜಿ, ಊರ ಸುದ್ದಿಯೆಲ್ಲ ಅವನ ಅಂಗಡಿಗೆ ಅಳತೆ ಕೊಡಲು ಬರುತ್ತದೆ. ಅವನು ಪೂರ್ತಿ ವಿಚಾರಿಸಿಕೊಂಡು ಬಂದು ಬಿಡಿಸಿ ಹೇಳಿದ ಮೇಲೆ ಅವಳ ನಗು ನಿಂತಿತು.

ತಾರೆನ್ ಅಂದರೆ ಒಂದಷ್ಟು ದ್ವೀಪಗಳು. ಜನ ಕಡಿಮೆ, ಕೆಲಸ ಬಹಳ. ಅಲ್ಲಿ ಕಡಲಪಾಚಿಯ ರಸ ಕುದಿಸಿ ಹರಳು ಮಾಡುತ್ತಾರೆ. ಆ ಹರಳು ಮೂತ್ರಪಿಂಡ ಕೆಟ್ಟವರಿಗೆ ಔಷಧ. ಮೊದಮೊದಲು ಎಲ್ಲವನ್ನೂ ಯಂತ್ರಕ್ಕೇ ಒಪ್ಪಿಸಿದ್ದರು. ಆದರೆ ಇವತ್ತಿನ ಪಾಚಿಯ ರಸ ನಾಳೆಯದರಂತೆ ಇರುವುದಿಲ್ಲ. ಉಬ್ಬರ ಇಳಿತ, ಬಿಸಿಲು, ಮಳೆ, ಎಲ್ಲವೂ ಅದರೊಳಗೆ ಕೂತು ಆಟ ಆಡಿಸುತ್ತವೆ. ಯಂತ್ರಗಳು ಸೋತು ಕೈಚೆಲ್ಲಿದವು. ಹಾಗಾದರೆ ರಸ ಹೇಗೇ ಇರಲಿ, ಅದನ್ನು ನೋಡನೋಡುತ್ತ ಹರಳು ಬೆಳೆಸುವ ಮನುಷ್ಯರು ಲೋಕದಲ್ಲಿ ಯಾರಿದ್ದಾರೆ? ಸಕ್ಕರೆ ಕಾರ್ಖಾನೆಯ ಹಳೇ ಪ್ಯಾನ್‌ಮನ್‌ಗಳು. ತಾರೆನ್‌ನ 'ಕೊರತೆ ಇರುವ ಕಸುಬುಗಳ ಪಟ್ಟಿ'ಗೆ ಪ್ಯಾನ್‌ಮನ್ ಸೇರಿದ್ದು ಹಾಗೆ.

ಮಹಾನಂದಾ ಹೆಂಗಸಾದರೂ ಇಪ್ಪತ್ತೆರಡು ವರ್ಷ ಪ್ಯಾನ್‌ಮನ್ನೇ. ಅಪ್ಪ ಪ್ಯಾನ್ ಮೇಲೆ ದುಡಿಯುತ್ತಲೇ ತೀರಿಕೊಂಡಾಗ ಅನುಕಂಪದ ಮೇಲೆ ಮಗಳಿಗೆ ಕೆಲಸ ಕೊಟ್ಟರು. ಆಫೀಸಿನಲ್ಲಿ ಕೂಡಿಸುತ್ತೇವೆ ಅಂದರು. ಅವಳು, 'ಅಪ್ಪನ ಜಾಗಾ ಅಂದಮ್ಯಾಲ ಅಪ್ಪನ ಜಾಗಾನ ಕೊಡ್ರಿ' ಅಂದು ಪ್ಯಾನ್ ಹೌಸಿನ ಮೆಟ್ಟಿಲು ಹತ್ತಿದಳು.

ಪ್ಯಾನ್ ಅಂದರೆ ಒಂದು ಕೋಣೆಯಷ್ಟು ದೊಡ್ಡ ಮುಚ್ಚಿದ ಹಂಡೆ. ಅದರೊಳಗಿನ ಗಾಳಿ ಎಳೆದು ತೆಗೆದಿರುತ್ತಾರೆ, ಹಾಗಾಗಿ ಪಾಕ ಕಡಿಮೆ ಕಾವಿನಲ್ಲೇ ಕುದಿಯುತ್ತದೆ. ಪಾಕ ಹದಕ್ಕೆ ಬಂದ ಕ್ಷಣದಲ್ಲಿ ಒಂದಿಷ್ಟು ಹಿಟ್ಟಿನಂಥ ಸಕ್ಕರೆ ಬಿಡಬೇಕು, ಅದು ಸೀಡು. ಆಮೇಲೆ ಮೂರು ತಾಸು ಆ ಒಂದೊಂದು ಕಣದ ಮೇಲೂ ಸಕ್ಕರೆ ಪದರ ಪದರವಾಗಿ ಕೂತು ಹರಳು ಬೆಳೆಯುತ್ತದೆ. ಪಾಕ ಹೆಚ್ಚು ಬಿಟ್ಟರೆ ಬೆಳೆದದ್ದು ಕರಗಿತು. ಕಡಿಮೆ ಬಿಟ್ಟರೆ ಬೇಡದ ಪುಡಿ ಹುಟ್ಟಿ ಎಲ್ಲ ಹಾಳಾಯಿತು. ಆಗಾಗ ಒಂದು ಚೂರು ಹೊರತೆಗೆದು ಗಾಜಿನ ಮೇಲೆ ಸವರಿ, ಬೆಳಕಿಗೆ ಹಿಡಿದು, ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಬೇಕು. ಕೊನೆಗೆ ಸರಿಯಾದ ಗಳಿಗೆಯಲ್ಲಿ ಪ್ಯಾನ್ ಇಳಿಸಬೇಕು, ಅಂದರೆ ತಳದ ಬಾಯಿ ತೆರೆದು ಹರಳನ್ನೆಲ್ಲ ಹೊರಗೆ ಬಿಡಬೇಕು. ಇಳಿಸದೆ ಬಿಟ್ಟರೋ, ಒಳಗೇ ಕಲ್ಲಾಗಿ ಕೂರುತ್ತದೆ.

ನಾಲ್ಕು ವರ್ಷದ ಹಿಂದೆ ಅವಳ ಕಾರ್ಖಾನೆಗೂ ತಾನೇ ನಡೆಯುವ ಪ್ಯಾನ್‌ಗಳು ಬಂದವು. ಕಬ್ಬಿನ ರಸದ ಜೊತೆ ಯಂತ್ರಕ್ಕೆ ಹೊಂದಾಣಿಕೆಯಾಯಿತು. ಮಹಾನಂದಾಳನ್ನು ಗೇಟಿನ ಹತ್ತಿರ ಕಬ್ಬಿನ ಗಾಡಿಗಳಿಗೆ ಚೀಟಿ ಕೊಡಲು ಕೂಡಿಸಿದರು. ಸಂಬಳ ಅಷ್ಟೇ ಇತ್ತು. ಆದರೆ ಅವಳ ಕೈಗೆ ಸಮಾಧಾನವಿರಲಿಲ್ಲ. ಚೀಟಿ ಕೊಡುವ ಬೆರಳುಗಳನ್ನೇ ನೋಡಿಕೊಂಡು ಎಷ್ಟೋ ಸಲ ಅವಳಿಗೆ ಅಳು ಬಂದಿತ್ತು.

ಮೇ ತಿಂಗಳ ಒಂದು ಬೆಳಿಗ್ಗೆ ಅವಳು ಶೇಂಗಾ ಉಂಡಿಗೆ ಬೆಲ್ಲದ ಪಾಕ ಕಾಸುತ್ತಿದ್ದಳು. ಕ್ವಾರ್ಟರ್ಸಿನ ಆ ಚಿಕ್ಕ ಅಡುಗೆಮನೆಯ ಬಾಗಿಲಲ್ಲಿ ಪ್ರಭು ಒಂದು ಅಂಗಿಗೆ ಗುಂಡಿ ಹಚ್ಚುತ್ತ ತಾರೆನ್ ಭಾಷೆಯ ಪಾಠ ಒಪ್ಪಿಸುತ್ತಿದ್ದ. ಎಂಟು ತಿಂಗಳಿಂದ ಗಂಡಹೆಂಡತಿ ಇಬ್ಬರೂ ಕಲಿಯುತ್ತಿದ್ದರು. ಅವನಿಗೆ ಸರಸರ ಬಂತು, ಅವಳಿಗೆ ಬರಲಿಲ್ಲ.

"ನಲವತ್ತಾರು," ಅಂದ ಪ್ರಭು, ಪಾಠ ನಿಲ್ಲಿಸಿ. ದಿನಕ್ಕೆ ಹತ್ತು ಸಲ ಅವನು ಆ ಲೆಕ್ಕಕ್ಕೆ ಬರುತ್ತಿದ್ದ. "ವಯಸ್ಸಿಗೆ ಹದಿನೈದು. ಅನುಭವಕ್ಕ ಹದಿನೈದು. ಭಾಷಾಕ್ಕ ಎಂಟು, ಅದೂ ಅವರು ದೊಡ್ಡ ಮನಸ್ಸು ಮಾಡಿ ಕೊಟ್ಟಿದ್ದು. ಸಾಲಿಗೆ ಐದು. ನನ್ನಂಥಾ ಗಂಡ ಇದ್ದದ್ದಕ್ಕ ಮೂರು."

"ನಿಮಗ ಮೂರು ಹೆಚ್ಚಾತು."

"ತಾರೆನ್‌ಗೆ ಹೋಗಾಕ ಎಪ್ಪತ್ತೈದಂಕ ಬೇಕು. ಉಳದ ಇಪ್ಪತ್ತೊಂಬತ್ತು ನಿನ್ನ ಕೈಯಿಂದ ಬರಬೇಕು. ಕೈ ಪರೀಕ್ಷಾಕ್ಕ ಇರೂದು ನಲವತ್ತು. ಹುಬ್ಬಳ್ಳಿಯೊಳಗ ಇಲ್ಲೀತನಕ ನೂರಾ ಎಂಟು ಮಂದಿ ಕುಂತಾರ, ಇಪ್ಪತ್ತೊಂಬತ್ತು ದಾಟಿದವರು ಆರು ಮಂದಿ."

ಮಹಾನಂದಾ ಪಾಕವನ್ನು ಬೆರಳಲ್ಲಿ ಹಿಡಿದು ಎಳೆ ಬಿಡಿಸಿದಳು. "ಇನ್ನೊಂದ್ ಸ್ವಲ್ಪ," ಅಂದಳು, ಅಂಕಕ್ಕೋ ಪಾಕಕ್ಕೋ.

ಇನ್ನೊಂದು ತೊಡಕೂ ಇತ್ತು. ಅವಳು ಹುಟ್ಟಿದ್ದು ನಿಜವಾಗಿ ದೀಪಾವಳಿ ಮುಂದೆ. ಆದರೆ ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಆ ವರ್ಷದ ಎಲ್ಲ ಮಕ್ಕಳಿಗೂ ಬರೆದಂತೆ ಅವಳಿಗೂ ಜೂನ್ ಒಂದು ಅಂತ ಬರೆದಿದ್ದರು. ಕ್ಲಾಸಿಗೆ ಕ್ಲಾಸೇ ಒಂದೇ ದಿನ ಹುಟ್ಟಿತ್ತು. ಕಾಗದದ ಪ್ರಕಾರ ಈ ಜೂನ್ ಒಂದಕ್ಕೆ ಅವಳಿಗೆ ನಲವತ್ತೈದು ತುಂಬುತ್ತದೆ, ತುಂಬಿದ ದಿನವೇ ವಯಸ್ಸಿನ ಹದಿನೈದು ಅಂಕ ಐದಕ್ಕೆ ಇಳಿಯುತ್ತದೆ. ಪರೀಕ್ಷೆ ಇದ್ದದ್ದು ಮೇ ಇಪ್ಪತ್ತೆಂಟಕ್ಕೆ. ಸೋತರೆ ಮತ್ತೆ ಕೂರಲು ಆರು ತಿಂಗಳು ಕಾಯಬೇಕು. ಅಂದರೆ ಅವಳಿಗೆ ಇದ್ದದ್ದು ಇದೊಂದೇ ಸಲ.

ಹೊರಡುವ ಮುನ್ನಾದಿನ ಸಂಜೆ ಅವಳು ದಸ್ತಗೀರ್ ಚಾಚಾನ ಮನೆಗೆ ಹೋದಳು. ಎಂಬತ್ತು ದಾಟಿದ ಜೀವ, ಅವಳಿಗೂ ಅವಳಪ್ಪನಿಗೂ ಪ್ಯಾನ್ ಕಲಿಸಿದ ಉಸ್ತಾದ. ಈಗ ಎರಡೂ ಕಣ್ಣು ಹೋಗಿದ್ದವು. ಅಂಗಳದ ಹೊರಸಿನ ಮೇಲೆ ಕೂತು, ಅವಳ ಹೆಜ್ಜೆ ಸಪ್ಪಳಕ್ಕೇ "ಬಾ ಮಗಳ" ಅಂದ.

"ಏನರ ಹೇಳು ಚಾಚಾ. ನಾಳೆ ಹೊಂಟೇನಿ."

"ಹೇಳೂದೆಲ್ಲಾ ಮೊದಲನೇ ದಿನಾನ ಹೇಳೇನಿ," ಅಂದ ಚಾಚಾ, ಅಷ್ಟೇ.

ಮೊದಲನೇ ದಿನದ್ದು ಅವಳು ಮರೆಯುವಂಥದ್ದಲ್ಲ. ಅವತ್ತು ತನ್ನ ಕೈಯಾರೆ ಮೊದಲ ಬಾರಿ ಸೀಡು ಬಿಟ್ಟಿದ್ದಳು. ಎರಡು ತಾಸಿಗೆ ಶಿಫ್ಟಿನ ಭೋಂಗಾ ಕೂಗಿತು. ಎಲ್ಲರಂತೆ ಅವಳೂ ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದಳು. ಗೇಟಿನ ತನಕ ಬಂದು ಚಾಚಾ ಅವಳನ್ನು ತಡೆದ. ಬೈಯಲಿಲ್ಲ. "ಸೀಡ್ ಬಿಟ್ಟ ಕೈನ ಪ್ಯಾನ್ ಇಳಸಬೇಕು. ಭೋಂಗಾ ಮನಷ್ಯಾರಿಗೆ, ಹರಳಿಗೆ ಅಲ್ಲ," ಅಂದ. ಆ ಪ್ಯಾನ್ ಹೌಸಿನ ಪದ್ಧತಿಯೇ ಅದಾಗಿತ್ತು. ಮುಂದಿನ ಪಾಳಿಯವನು ಬಂದರೆ ಚಹಾ ಕುಡಿಯುತ್ತ ಪಕ್ಕದಲ್ಲಿ ಕೂರುತ್ತಿದ್ದ, ಪಾಕ ಬಿಡುವ ಕವಾಟಕ್ಕೆ ಕೈ ಹಚ್ಚುತ್ತಿರಲಿಲ್ಲ. ಹೊಸ ಕೈ ಬಂದರೆ ಹರಳಿಗೆ ಗೊತ್ತಾಗುತ್ತದೆ ಅನ್ನುವುದು ಅವರ ನಂಬಿಕೆ. ತನ್ನ ನಿಶ್ಚಯದ ದಿನ ಮಹಾನಂದಾ ಪ್ಯಾನ್ ಇಳಿಸಿ ಬರುವಷ್ಟರಲ್ಲಿ ಎರಡು ತಾಸು ತಡವಾಗಿ, ಬೀಗರೆಲ್ಲ ಉಪ್ಪಿಟ್ಟು ತಿಂದು ಮುಗಿಸಿದ್ದರು. ಪ್ರಭು ಈ ಮಾತನ್ನು ಇನ್ನೂ ವರ್ಷಕ್ಕೊಮ್ಮೆ ಎತ್ತುತ್ತಾನೆ.

ಹುಬ್ಬಳ್ಳಿಯ ಪರೀಕ್ಷಾ ಕೇಂದ್ರ ಹಳೇ ಗೋದಾಮು. ಒಳಗೆ ಕಾಲಿಟ್ಟರೆ ಮಾತ್ರ ಬೇರೆ ಲೋಕ. ಆರು ಗಾಜಿನ ಪ್ಯಾನ್‌ಗಳು, ಒಂದೊಂದೂ ಬಕೆಟ್ಟಿನಷ್ಟು ದೊಡ್ಡವು, ಸಾಲಾಗಿ ನಿಂತಿದ್ದವು. ಪ್ರತಿಯೊಂದಕ್ಕೂ ಉಗಿಯ ಕೊಳವೆ, ಗಾಳಿ ಎಳೆಯುವ ಪಂಪು, ಹಿತ್ತಾಳೆಯ ಪುಟ್ಟ ಕವಾಟಗಳು. ಮಹಾನಂದಾಳಿಗೆ ಆ ಕವಾಟಗಳನ್ನು ನೋಡಿಯೇ ಕಣ್ಣು ತುಂಬಿತು. ನಾಲ್ಕು ವರ್ಷವಾಗಿತ್ತು.

ಎದುರಿನ ಗೋಡೆ ಪೂರಾ ಗಾಜು, ಅದರಾಚೆ ಕಂಟ್ರೋಲ್ ರೂಮು. ಅಲ್ಲಿ ಇಬ್ಬರು. ಒಬ್ಬಳು ತಾರೆನ್‌ನ ಮುಖ್ಯ ಪರೀಕ್ಷಕಿ ಇಲ್ವಾ ಮೊರೆನ್, ಬೆಳ್ಳಿಕೂದಲಿನ ಗಂಭೀರ ಹೆಂಗಸು. ಇನ್ನೊಬ್ಬ ಯಂತ್ರ ನೋಡಿಕೊಳ್ಳುವ ಧಾರವಾಡದ ಜೋಯೆಲ್. ಇಲ್ವಾ ಮಾತಾಡಿದರೆ ಅವಳ ಕೊರಳಿನ ಬಿಲ್ಲೆ ಅದನ್ನು ಕನ್ನಡ ಮಾಡಿ ಹೇಳುತ್ತಿತ್ತು, ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ.

ಜೋಯೆಲ್ ಹೊರಗೆ ಬಂದು ಆರು ಮಂದಿಗೂ ಕೈಗವಸು ತೊಡಿಸಿದ. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಅದನ್ನೇ 'ಕೈಸಾಕ್ಷಿ' ಅನ್ನುತ್ತಿದ್ದರು.

"ನೋಡ್ರಿ ಅಕ್ಕಾರ," ಅಂದ ಅವನು ಬೆರಳು ಬೆರಳಿಗೂ ಕೂಡಿಸುತ್ತ, "ನೀವು ಹೆಂಗ ಮಾಡ್ತೀರಿ ಅಂತ ಇದು ನೋಡಂಗಿಲ್ಲ. ಒಬ್ಬೊಬ್ಬರದು ಒಂದೊಂದು ರೀತಿ ಇರತೈತಿ. ಪ್ಯಾನಿನೊಳಗ ಏನರ ಬದಲಾದರ ಮೀಟರ್ ಮುಳ್ಳು ಅಲ್ಲಾಡತೈತಿ ಹೌದಲ್ಲೋ? ಆ ಮುಳ್ಳು ಅಲ್ಲಾಡೂಕಿಂತ ಎಷ್ಟು ಸೆಕೆಂಡ್ ಮೊದಲ ನಿಮ್ಮ ಕೈ ಕವಾಟಿನ ಕಡೆ ಹೊರಟಿತ್ತು, ಅದನ್ನ ನೋಡತೈತಿ. ಮುಳ್ಳು ನೋಡಿ ಕೈ ಹಾಕಾವರಿಗೆ ಹತ್ತು ಹನ್ನೆರಡಂಕ ಬಿದ್ದರ ಪುಣ್ಯಾ."

ಮಹಾನಂದಾಳಿಗೆ ಆ ಯಂತ್ರ ಮಾಡಿದವರ ಬಗ್ಗೆ ಅಲ್ಲೇ ಒಂದು ಗೌರವ ಹುಟ್ಟಿತು. ಇಪ್ಪತ್ತೆರಡು ವರ್ಷ ಅವಳ ಸಾಹೇಬರುಗಳಿಗೆ ಅರ್ಥವಾಗದ್ದು ಈ ಸಿಪ್ಪೆಗೆ ಗೊತ್ತಿತ್ತು.

ಇಲ್ವಾಳ ಬಿಲ್ಲೆ ನಿಯಮ ಓದಿತು. "ಅವಧಿ ಮೂರು ಗಂಟೆ. ಗಂಟೆ ಬಾರಿಸಿದ ಕೂಡಲೇ ಕೈಗವಸು ತೆಗೆದಿಟ್ಟು ಹೊರನಡೆಯತಕ್ಕದ್ದು. ಗಂಟೆಯ ನಂತರ ಪಾತ್ರೆಯನ್ನು ಮುಟ್ಟಿದವರಿಗೆ ಹತ್ತು ಅಂಕಗಳನ್ನು ಕಡಿತಗೊಳಿಸಲಾಗುವುದು." ಹಿಂದೊಮ್ಮೆ ಯಾರೋ ಸಮಯ ಮುಗಿದ ಮೇಲೆ ಪುಡಿ ಸೇರಿಸಿ ಮೋಸ ಮಾಡಿದ್ದರಿಂದ ಈ ನಿಯಮ ಬಂತೆಂದು ಜೋಯೆಲ್ ಹೇಳಿದ. ನ್ಯಾಯವಾದ ನಿಯಮವೇ.

ಪರೀಕ್ಷೆ ಶುರುವಾಯಿತು. ಪಾಚಿಯ ರಸ ನಸು ಹಸಿರು, ಜಿಗುಟು, ಕಬ್ಬಿನ ರಸದ ಯಾವ ಗುಣವೂ ಇಲ್ಲದ ಪರಕೀಯ ವಸ್ತು. ಮಹಾನಂದಾ ಮೊದಲ ಇಪ್ಪತ್ತು ನಿಮಿಷ ಏನೂ ಮಾಡದೆ ಗಾಜಿಗೆ ಕಿವಿ ಹಚ್ಚಿ ನಿಂತಳು. ಪಕ್ಕದವರೆಲ್ಲ ಆಗಲೇ ಸೀಡು ಬಿಟ್ಟಿದ್ದರು. ಅವಳು ಬಿಡಲಿಲ್ಲ. ಈ ರಸ ಹೊರಗೆ ಹದ ಬಂದಂತೆ ತೋರಿಸುತ್ತ ಒಳಗೆ ಇನ್ನೂ ಹಸಿ ಇತ್ತು. ನಲವತ್ತನೇ ನಿಮಿಷಕ್ಕೆ ಕುದಿತದ ಸದ್ದು ಒಂದು ಸ್ವರ ಇಳಿಯಿತು. ಆಗ ಬಿಟ್ಟಳು.

ಆಮೇಲೆ ಅವಳಿಗೆ ಹುಬ್ಬಳ್ಳಿ ನೆನಪಿರಲಿಲ್ಲ, ಅಂಕ ನೆನಪಿರಲಿಲ್ಲ. ಗಾಜಿನ ಚೂರಿನ ಮೇಲೆ ಸವರಿದ ಹರಳು ಮೊದಲು ಮಂಜಿನಂತಿತ್ತು, ಆಮೇಲೆ ರವೆಯಂತಾಯಿತು. ತೆಳು ಕೈಗವಸಿನೊಳಗಿಂದಲೇ ಅದರ ಮೂಲೆಗಳು ಬೆರಳಿಗೆ ತಾಗುತ್ತಿದ್ದವು. ಹೆಬ್ಬೆರಳು ಹೇಳಿದಂತೆ ಅವಳು ರಸ ಬಿಟ್ಟಳು, ಹೆಬ್ಬೆರಳು ಬೇಡವೆಂದಾಗ ನಿಲ್ಲಿಸಿದಳು. ಎಷ್ಟು ಸುಖವಾಗಿತ್ತೆಂದರೆ ಅವಳಿಗೆ ನಾಚಿಕೆಯೇ ಆಯಿತು.

ಗಂಟೆ ಬಾರಿಸಿತು.

ಐದು ಮಂದಿ ಕೈಗವಸು ಕಳಚಿದರು. ಇಬ್ಬರ ಪ್ಯಾನ್ ಇಳಿದಿತ್ತು, ಮೂವರದು ಇನ್ನೂ ಕುದಿಯುತ್ತಿತ್ತು. ಕುದಿಯಲಿ, ಅವರಿಗೇನು, ಅರ್ಧ ತಾಸಿಗೆ ಕೇಂದ್ರದವರು ಬಂದು ಬಿಸಿನೀರು ಸುರಿದು ತೊಳೆದುಬಿಡುತ್ತಾರೆ. ಆ ಐವರೂ ಬೆವರು ಒರೆಸಿಕೊಳ್ಳುತ್ತ ಹೊರಗೆ ಹೋದರು.

ಮಹಾನಂದಾಳ ಪ್ಯಾನಿಗೆ ಇನ್ನೂ ನಲವತ್ತು ನಿಮಿಷ ಬೇಕಿತ್ತು. ಅವಳು ನಿಯಮದಂತೆ ಕೈಗವಸು ಕಳಚಿ ತಟ್ಟೆಯಲ್ಲಿಟ್ಟಳು. ಒಂದು ಹೆಜ್ಜೆ ಬಾಗಿಲ ಕಡೆ ಇಟ್ಟಳು. ಅಲ್ಲಿಗೆ ನಿಂತಳು.

ಹೋಗು, ಅಂತ ಒಳಗಿನಿಂದ ಒಂದು ಮನಸ್ಸು ಅಂದಿತು. ಇದು ಪರೀಕ್ಷೆ, ಇದರ ಔಷಧ ಯಾರೂ ತಿನ್ನುವುದಿಲ್ಲ. ಹತ್ತು ಅಂಕ ಹೋದರೆ ಎಲ್ಲ ಹೋಯಿತು. ಪ್ರಭು ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದಾನೆ, ಎಂಟು ತಿಂಗಳು ಗುಂಡಿ ಹಚ್ಚುತ್ತ ಪರದೇಶದ ಭಾಷೆ ಬಾಯಿಪಾಠ ಮಾಡಿದ್ದಾನೆ. ಹೋಗು. ಅಷ್ಟರಲ್ಲಿ ಹಿಂದೆ ಕುದಿತದ ಸದ್ದು ಚೂರು ಬದಲಾಯಿತು. ಹರಳಿಗೆ ರಸ ಬೇಕಾಗಿತ್ತು. ಅವಳು ತಿರುಗಿ ಹೋಗಿ ಬರಿಗೈಯಲ್ಲಿ ಕವಾಟ ತೆರೆದಳು.

ಧ್ವನಿವರ್ಧಕದಲ್ಲಿ ಜೋಯೆಲ್‌ನ ದನಿ ಬಂತು. "ಅಕ್ಕಾರ, ಗಂಟಿ ಹೊಡದೈತಿ. ಹತ್ತಂಕ ಹೋಗತಾವ."

"ಗೊತ್ತೈತ್ರಿ ಸರ್."

"ಹಂಗಾದ್ರ ಬಿಡ್ರಿ. ನಾ ಉಗಿ ಬಂದ್ ಮಾಡ್ತೇನಿ."

"ಬ್ಯಾಡ್ರಿ," ಅಂದಳು ಮಹಾನಂದಾ, ಪ್ಯಾನಿನಿಂದ ಕಣ್ಣು ತೆಗೆಯದೆ. "ಅಂಕ ಕಟ್ ಮಾಡ್ಕೋರಿ, ನಾ ಏನೂ ಅನ್ನಂಗಿಲ್ಲ. ಉಗಿ ಮಾತ್ರ ಬಿಡ್ರಿ. ಸೀಡ್ ನಾ ಬಿಟ್ಟೇನಿ, ಇಳಸಾಕಿ ನಾನ."

ಗಾಜಿನಾಚೆ ಜೋಯೆಲ್ ಇಲ್ವಾಳ ಮುಖ ನೋಡಿದ. ಇಲ್ವಾ ಕುರ್ಚಿ ಎಳೆದುಕೊಂಡು ಗಾಜಿನ ಹತ್ತಿರ ಬಂದು ಕೂತಳು. ನಲವತ್ತು ನಿಮಿಷ ಅವಳು ಅಲ್ಲಿಂದ ಏಳಲಿಲ್ಲ. ಪ್ಯಾನ್ ಇಳಿದು, ಹಸಿರು ರಸದಿಂದ ಬೆಳ್ಳಗಿನ ಹರಳು ತಟ್ಟೆಗೆ ಬಿದ್ದಾಗ ಮಹಾನಂದಾ ಒಂದು ಚಿಟಿಕೆ ತಿಕ್ಕಿ ನೋಡಿ, ಕೈ ತೊಳೆದು, ಗಾಜಿನ ಕಡೆಗೆ ಒಂದು ನಮಸ್ಕಾರ ಹಾಕಿ ಹೊರಗೆ ನಡೆದಳು.

ಫಲಿತಾಂಶ ಅಲ್ಲೇ ಬಾಗಿಲಲ್ಲಿ ಬಂತು. ಕೈಸಾಕ್ಷಿ ಮೂವತ್ತಮೂರು. ಒಟ್ಟು ಎಪ್ಪತ್ತೊಂಬತ್ತು. ಕಡಿತ ಹತ್ತು. ಉಳಿದದ್ದು ಅರವತ್ತೊಂಬತ್ತು, ಅನುತ್ತೀರ್ಣ.

ಪ್ರಭು ಆ ಚೀಟಿಯನ್ನು ಎರಡು ಸಲ ಓದಿದ. ಕಡಿತ ಯಾಕೆಂದು ಕೇಳಿದ, ಅವಳು ಹೇಳಿದಳು. ಅವನು ಚೀಟಿ ಮಡಿಚಿ ಕಿಸೆಗಿಟ್ಟ. ಬಸ್ಸು ನವಲಗುಂದ ದಾಟಿತು, ನರಗುಂದ ದಾಟಿತು, ಅವನು ಕಿಟಕಿಯಾಚೆಯ ಕರೀ ಹೊಲ ನೋಡುತ್ತಲೇ ಇದ್ದ. ಮಹಾನಂದಾಳಿಗೆ ತನ್ನ ಮೇಲೆ ತನಗೇ ಸಿಟ್ಟು ಬಂದಿತ್ತು. ಸುಮ್ಮನೆ ಹೊರಗೆ ನಡೆದಿದ್ದರೆ ನಾಲ್ಕಂಕ ಮಿಕ್ಕಿ ಪಾಸಾಗುತ್ತಿತ್ತಲ್ಲ. ನನ್ನ ಹಟಕ್ಕೆ ಈ ಮನುಷ್ಯನ ಎಂಟು ತಿಂಗಳು ನೀರಿಗೆ ಹೋಯಿತಲ್ಲ.

"ಬೈಯೂದಿದ್ರ ಬೈದುಬಿಡ್ರಿ," ಅಂದಳು ಕೊನೆಗೆ. "ಹಿಂಗ ಸುಮ್ಮನ ಕುಂದರಬ್ಯಾಡ್ರಿ."

ಪ್ರಭು ಚೀಲದಿಂದ ಶೇಂಗಾ ಉಂಡಿ ತೆಗೆದು ಅವಳ ಕೈಗೆ ಒಂದು ಇಟ್ಟು ತಾನೊಂದು ಕಚ್ಚಿದ. "ನಿಶ್ಚಯದ ದಿನ ಎರಡು ತಾಸು ಕಾಯಿಸಿದಾಕಿ," ಅಂದ. "ಅವತ್ತ ನಮ್ಮವ್ವ ಎದ್ದು ಹೋಗೂಣು ಅಂದಳು. ನಾ ಅಂದೆ, ಕೆಲಸ ಅರ್ಧಾ ಬಿಟ್ಟು ಬರಾಕಿ ನನಗ ಬ್ಯಾಡ ಅಂತ. ಈಗ ಹೆಂಗ ಬೈಯಲಿ?" ಆಸೆ ಹೋದ ದುಃಖ ಅವನಿಗೆ ಇದ್ದೇ ಇತ್ತು, ಅದನ್ನು ಅವನು ಮುಚ್ಚಿಡಲಿಲ್ಲ. ಲೋಕಾಪುರ ಬರುವ ತನಕ ಇಬ್ಬರೂ ಒಬ್ಬರಿಗೊಬ್ಬರು ಆತುಕೊಂಡು ಕೂತಿದ್ದರು.

ಅವರ ಬೆನ್ನ ಹಿಂದೆ ಕಂಟ್ರೋಲ್ ರೂಮಿನಲ್ಲಿ ಏನಾಯಿತೆಂದು ಜೋಯೆಲ್ ಆಮೇಲೆ ಹೇಳಿದ. ಇಲ್ವಾ ಮನೆಗೆ ಹೋಗಲಿಲ್ಲವಂತೆ. ಮಹಾನಂದಾ ಇಳಿಸಿದ ಹರಳುಗಳಲ್ಲಿ ಹತ್ತನ್ನು ಆರಿಸಿ, ಸೀಳಿ, ಸೂಕ್ಷ್ಮದರ್ಶಕದ ಕೆಳಗಿಟ್ಟಳಂತೆ. ಮರ ಕಡಿದರೆ ಅದರ ವಯಸ್ಸಿನ ಸುತ್ತು ಕಾಣುತ್ತದಲ್ಲ, ಹರಳಿನೊಳಗೂ ಹಾಗೆ ಪದರಗಳಿರುತ್ತವೆ. ರಸ ಹೆಚ್ಚಾದ ನಿಮಿಷ, ಕಡಿಮೆಯಾದ ನಿಮಿಷ, ಎಲ್ಲ ಅಲ್ಲಿ ಬರೆದಿರುತ್ತದೆ. ಮೊದಲು ಅವಳು ಬೇರೆಯವರ ಹರಳು ನೋಡಿದಳು. ಗಂಟೆ ಹತ್ತಿರ ಬಂದಂತೆಲ್ಲ ಪದರಗಳು ಹೆದರಿದ್ದವು, ಕೊನೆಯ ಹತ್ತು ನಿಮಿಷ ಗೀಚಿದಂತಿತ್ತು. ಆಮೇಲೆ ಮಹಾನಂದಾಳದು ನೋಡಿದಳು. ಸೀಡಿನಿಂದ ಅಂಚಿನ ತನಕ ಒಂದೇ ಸಮ. ಗಂಟೆ ಬಾರಿಸಿದ ಜಾಗ ಯಾವುದು, ಕೈಗವಸು ಕಳಚಿದ ಜಾಗ ಯಾವುದು, ಹತ್ತಂಕ ಹೋಗುತ್ತದೆಂದು ಹೆದರಿಸಿದ ಜಾಗ ಯಾವುದು ಎಂದು ಹುಡುಕಿದಳು. ಸಿಗಲಿಲ್ಲ.

"ಜೋಯೆಲ್," ಅಂದಳಂತೆ ಇಲ್ವಾ, "ನಮ್ಮ ಕಾರ್ಖಾನೆಗಳಲ್ಲಿ ಪಾತ್ರೆಗಳು ಕಲ್ಲಾಗುವುದು ಯಾವ ಹೊತ್ತಿನಲ್ಲಿ?"

ಜೋಯೆಲ್ ತಾರೆನ್‌ನ ದಾಖಲೆ ತೆರೆದ. ಏಳು ವರ್ಷದಿಂದ ಅಲ್ಲಿ ಅದೊಂದು ತಲೆನೋವು, ನೂರಕ್ಕೆ ಎಂಟು ಪ್ಯಾನ್ ಕಲ್ಲಾಗಿ ಔಷಧ ಹಾಳಾಗುತ್ತಿತ್ತು. ಯಂತ್ರ ತಪಾಸಣೆ ಮಾಡಿದ್ದರು, ರಸ ತಪಾಸಣೆ ಮಾಡಿದ್ದರು. ಹೊತ್ತನ್ನು ಯಾರೂ ನೋಡಿರಲಿಲ್ಲ. ಈಗ ಜೋಡಿಸಿ ನೋಡಿದರೆ ಹೆಚ್ಚುಕಡಿಮೆ ಎಲ್ಲವೂ ಪಾಳಿ ಬದಲಾಗುವ ಅರ್ಧ ತಾಸಿನಲ್ಲೇ ಹಾಳಾಗಿದ್ದವು.

ಇಲ್ವಾ ದಾಖಲೆಯಿಂದ ತಲೆಯೆತ್ತಿ ಹೇಳಿದಳಂತೆ. "ಲೋಕದ ಅತ್ಯುತ್ತಮ ಕೈಗಳನ್ನು ನಾವು ಹುಡುಕಿದೆವು. ಅವುಗಳಲ್ಲಿ, ಗಂಟೆ ಬಾರಿಸಿದೊಡನೆ ಬಿಟ್ಟು ಹೋಗುವ ಕೈಗಳನ್ನು ಮಾತ್ರ ಆರಿಸಿಕೊಂಡೆವು. ಈ ನಿಯಮ ಬರೆದವಳು ನಾನೇ."

ಮೇ ಮೂವತ್ತೊಂದರ ಮಧ್ಯಾಹ್ನ ಕ್ವಾರ್ಟರ್ಸಿನ ಮುಂದೆ ಒಂದು ಕಾರು ನಿಂತು, ಇಲ್ವಾ ಮತ್ತು ಜೋಯೆಲ್ ಇಳಿದರು. ಪ್ರಭು ಊಟಕ್ಕೆ ಬಂದಿದ್ದ. ಮಹಾನಂದಾ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಇಲ್ವಾಳನ್ನು ಚಾಪೆ ಹಾಸಿ ಕೂಡಿಸಿದರು. ಅವಳು ಜೋಯೆಲ್‌ನಿಂದ ಕಲಿತ ಹಾಗೆ ಕಾಲು ಮಡಿಚಿ ಕೂತು, ಕೊಟ್ಟ ಮಜ್ಜಿಗೆಯನ್ನು ಪೂರಾ ಕುಡಿದು, ಆಮೇಲೆ ಮಾತು ತೆಗೆದಳು. ಬಿಲ್ಲೆ ವಾರ್ತೆಯ ದನಿಯಲ್ಲೇ ಹೇಳಿತು.

"ನಮ್ಮ ಮೂವರು ಹಿರಿಯ ಪರೀಕ್ಷಕರು ನಿಮ್ಮ ಹರಳುಗಳನ್ನು ಪರಿಶೀಲಿಸಿದ್ದಾರೆ. ಗಂಟೆಯ ನಂತರ ನೀವು ಮಾಡಿದ್ದು ಅಕ್ರಮವಲ್ಲ, ಕೆಲಸದ ಉಳಿದ ಭಾಗ ಎಂದು ಮೂವರೂ ಬರೆದಿದ್ದಾರೆ. ಕಡಿತವನ್ನು ಹಿಂಪಡೆಯಲಾಗಿದೆ. ವಯಸ್ಸು ಪರೀಕ್ಷೆಯ ದಿನದ್ದೇ ಲೆಕ್ಕ. ನಿಮ್ಮ ಅಂಕ ಎಪ್ಪತ್ತೊಂಬತ್ತು."

ಮಹಾನಂದಾ ಗಂಡನ ಮುಖ ನೋಡಿದಳು. ಪ್ರಭು ಹೆಗಲ ಮೇಲಿನ ಅಳತೆ ಪಟ್ಟಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.

"ಇನ್ನು ಮುಂದೆ ಪರೀಕ್ಷೆಯ ಗಂಟೆ ಬೇಕೆಂದೇ ಹರಳು ಮಾಗುವ ಮೊದಲು ಬಾರಿಸುತ್ತದೆ," ಅಂದಿತು ಬಿಲ್ಲೆ. "ನಿಂತು ಇಳಿಸಿದವರಿಗೆ ಐದು ಅಂಕ. ಅದು ಹೊಸಬರಿಗೆ. ನಿಮಗೆ ಅನ್ವಯಿಸುವುದಿಲ್ಲ, ಕ್ಷಮಿಸಿ."

"ಬ್ಯಾಡ್ರಿ ಮೇಡಂ, ಇಷ್ಟ ಸಾಕು."

"ಪಟ್ಟಿಯಲ್ಲಿ ಆ ಸಾಲನ್ನು ಹೇಗೆ ಬರೆಯಬೇಕು ಎಂದು ನಮಗೆ ತಿಳಿಯಲಿಲ್ಲ. ನೀವು ಹೇಳಬೇಕು."

ಮಹಾನಂದಾ ಚಾಚಾನ ಮೊದಲನೇ ದಿನದ ಮಾತನ್ನೇ ಹೇಳಿದಳು. ಜೋಯೆಲ್ ಬರೆದುಕೊಂಡ. ಇಲ್ವಾ ಬಿಲ್ಲೆಯನ್ನು ಬಂದ್ ಮಾಡಿ, ಪ್ರಭುವಿನಿಂದ ಅದರ ಅರ್ಥ ತನ್ನ ಭಾಷೆಯಲ್ಲಿ ಕೇಳಿ ತಿಳಿದುಕೊಂಡಳು. ಅವನು ಎಂಟು ತಿಂಗಳ ಕಲಿಕೆಯನ್ನೆಲ್ಲ ಸೇರಿಸಿ, ಬೆವರುತ್ತ, ತಪ್ಪಿಲ್ಲದೆ ಹೇಳಿದ. ಇಲ್ವಾ ಎದ್ದುನಿಂತು ಮಹಾನಂದಾಳ ಹಿಟ್ಟಿನ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದಳು. ಆಮೇಲೆ ಚೀಲದಿಂದ ಒಂದು ಚಿಕ್ಕ ಸೀಸೆ ತೆಗೆದು ಕೊಟ್ಟಳು. ಅದರಲ್ಲಿ ಮಹಾನಂದಾ ಇಳಿಸಿದ್ದ ಹರಳು ಒಂದು ಹಿಡಿ ಇತ್ತು.

ಅದೇ ಸಂಜೆ ಮಹಾನಂದಾ ಆ ಸೀಸೆ ಹಿಡಿದು ದಸ್ತಗೀರ್ ಚಾಚಾನ ಅಂಗಳಕ್ಕೆ ಹೋದಳು. ಪಾಸಾಯಿತೆಂದೂ ಹೇಳಲಿಲ್ಲ, ಗಂಟೆಯ ಸುದ್ದಿಯನ್ನೂ ಎತ್ತಲಿಲ್ಲ. ಚಾಚಾನ ಅಂಗೈಗೆ ಒಂದು ಚಿಟಿಕೆ ಸುರಿದಳು.

"ಬಾಯಾಗ ಹಾಕ್ಕೋಬ್ಯಾಡ ಚಾಚಾ, ಔಷಧ ಐತಿ."

"ಸಕ್ಕರಿಯವರಿಗೆ ಇದೊಂದು ಶಿಕ್ಷಾ ನೋಡು," ಅಂತ ಗೊಣಗಿ ಮುದುಕ ಹರಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತೆಗೆದುಕೊಂಡ. ತಿಕ್ಕಿದ. ತಲೆ ಓರೆ ಮಾಡಿ ಇನ್ನೊಂದು ಸಲ ತಿಕ್ಕಿದ. ಬೆಳಕಿಲ್ಲದ ಕಣ್ಣುಗಳು ಎಲ್ಲೋ ಮೇಲೆ ನೆಟ್ಟಿದ್ದವು.

"ಒಂದ ಕೈ," ಅಂದ.

"ಹೌದು ಚಾಚಾ."

"ನಡುವ ಗಂಟಿ ಏನರ ಹೊಡೀತೇನು?"

ಮಹಾನಂದಾ ಅವನ ಬೆರಳುಗಳನ್ನೇ ನೋಡಿದಳು. ಇಲ್ವಾಳ ಸೂಕ್ಷ್ಮದರ್ಶಕಕ್ಕೂ ಸಿಗದ್ದು ಈ ಬೆರಳಿಗೆ ಸಿಕ್ಕಿತೇ, ಎಲ್ಲೋ ತನ್ನ ಕೈ ನಡುಗಿತ್ತೇ?

"ಹೊಡೀತು," ಅಂದಳು ಮೆಲ್ಲಗೆ. "ಗೊತ್ತಾತೇನು?"

"ಇಲ್ಲ," ಅಂದ ಚಾಚಾ. ಅವನು ಆ ಹರಳುಗಳನ್ನು ಒಂದೂ ಕೆಳಗೆ ಬೀಳದಂತೆ ಮುಷ್ಟಿಯೊಳಗೆ ಮುಚ್ಚಿಕೊಂಡ. "ಹರಳಿನ್ಯಾಗ ಎಲ್ಲೂ ಗೊತ್ತಾಗಲಿಲ್ಲ ಮಗಳ. ಅದಕ್ಕ ಕೇಳಿದೆ."